ಒಳಗಿನ ಪ್ಯಾಡ್ ತೋರಿಸಿ ಅನ್ನಿ

ಔರಾದಿನಲ್ಲಿ ನೆಂಟರ ಮದುವೆ ಮುಗಿಸಿಕೊಂಡು ಸಂಜೆ ಬೀದರಿಗೆ ಮರಳುತ್ತಿದ್ದೆವು. ಸಂತಪುರ ದಾಟಿತ್ತು. ಕೌಠಾ ಹತ್ತಿರ ರಸ್ತೆ ಮಾಂಜ್ರಾ ಸೇತುವೆಯ ಕಡೆಗೆ ಇಳಿಯುವಲ್ಲಿ ಎಮ್ಮೆಗಳ ಹಿಂಡೊಂದು ಅಡ್ಡ ಬಂತು. ಬ್ರೇಕ್ ಒತ್ತಿದೆ. ಮುಂದಿನ ಎಡಗಾಲಿಯಿಂದ ಗರಗಸ ಎಳೆದಂಥ ಸದ್ದು ಎದ್ದಿತು, ಕಾರು ಬಲಕ್ಕೆ ಎಳೆಯಿತು. ಕೊನೆಗೆ ನಿಂತಾಗ ಬಂಪರಿಗೂ ಮುಂದಿನ ಎಮ್ಮೆಗೂ ನಡುವೆ ಒಂದು ಗೇಣು ಉಳಿದಿತ್ತು. ಹಿಂದಿನ ಸೀಟಿನಲ್ಲಿ ಅಕ್ಕನ ಮಕ್ಕಳಿಬ್ಬರು ಕೂತಿದ್ದರು. ಆ ಒಂದು ಗೇಣು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಈ ಲೇಖನ ಬರೆಯುತ್ತಿರುವುದೂ ಅದಕ್ಕಾಗಿಯೇ.

ಕಾರು ನನಗೆ ಮೋಸ ಮಾಡಿರಲಿಲ್ಲ. ಒಂದು ತಿಂಗಳಿನಿಂದ ಹೇಳುತ್ತಲೇ ಇತ್ತು. ಮೊದಲು ಚೌಬಾರಾ ಸುತ್ತಿನ ಗದ್ದಲದಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಸಣ್ಣಗೆ ‘ಕೀಂ’ ಅನ್ನುತ್ತಿತ್ತು. ಆಮೇಲೆ ಭಾಲ್ಕಿಗೆ ಹೋಗುವಾಗ ಇಳಿಜಾರಿನಲ್ಲಿ ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣುಕಿ ಆರಿತು. ಗ್ಯಾರೇಜೊಂದಕ್ಕೆ ಒಯ್ದೆ. ಬಾನೆಟ್ ಎತ್ತಿ, ಬ್ರೇಕ್ ಆಯಿಲ್ ಕಡಿಮೆಯಾಗಿದೆ ಎಂದು ತುಂಬಿಸಿ ಕೊಟ್ಟರು. ದೀಪ ಆರಿತು, ನನ್ನ ಚಿಂತೆಯೂ ಆರಿತು. ಮದುವೆಯ ಮರುದಿನ ಬೀದರಿನಲ್ಲಿ ಬೇರೊಬ್ಬ ಮಿಸ್ತ್ರಿ ಜಾಕ್ ಹಚ್ಚಿ ಗಾಲಿ ಬಿಚ್ಚಿದರು. ಎರಡೂ ಪ್ಯಾಡ್ ಹೊರತೆಗೆದು ನನ್ನ ಕೈಗಿಟ್ಟರು. ಹೊರಗಿನದರಲ್ಲಿ ಇನ್ನೂ ನಾಲ್ಕು ಮಿಲಿಮೀಟರಿನಷ್ಟು ದಪ್ಪ ಉಳಿದಿತ್ತು. ಒಳಗಿನದರಲ್ಲಿ ಬರೀ ಉಕ್ಕಿನ ತಗಡು. “ಹೊರಗಿಂದು ನೋಡಿ ಮೋಸ ಹೋಗಬ್ಯಾಡ್ರಿ ಸರ್. ಒಳಗಿಂದು ಘಿಸಿ ಖಾಲಿ ಆಗ್ಯಾದ್. ಆಯಿಲ್ ಹಾಕಿದ್ರ ಪ್ಯಾಡ್ ಬೆಳೀತದೇನ್ರಿ?” ಎಂದರು. ಬ್ರೇಕಿನ ಬಗ್ಗೆ ನಾನು ಕಲಿತ ಮೊದಲ ಪಾಠ ಅದು. ಅಲ್ಲಿಂದ ಮುಂದೆ ಓದಿ, ಕೇಳಿ, ಕಣ್ಣಾರೆ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ಬ್ರೇಕ್ ಪ್ಯಾಡ್ ಎಂದರೆ ಅಂಗೈಯಗಲದ ಉಕ್ಕಿನ ತಗಡು. ಅದರ ಮೇಲೆ ಒತ್ತಿ ಕೂರಿಸಿದ ಘರ್ಷಣೆಯ ಪದರ. ರಾಳ, ನಾರು, ಲೋಹದ ಪುಡಿ, ಗ್ರಾಫೈಟ್ ಮುಂತಾದವುಗಳನ್ನು ಬೆರೆಸಿ ಬಿಸಿಯಲ್ಲಿ ಬೇಯಿಸಿದ ಮಿಶ್ರಣ ಅದು. ಗಾಲಿಯ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡುಗಳು ಎರಡೂ ಬದಿಯಿಂದ ಹಿಡಿದು ಒತ್ತುತ್ತವೆ, ಇಕ್ಕಳದಲ್ಲಿ ಬಿಸಿ ಪಾತ್ರೆಯ ಅಂಚನ್ನು ಹಿಡಿದ ಹಾಗೆ. ಹಿಡಿಯುವ ಆ ಇಕ್ಕಳಕ್ಕೆ ಕ್ಯಾಲಿಪರ್ ಎಂದು ಹೆಸರು. ಹೊಸ ಪ್ಯಾಡಿನ ಪದರ ಸಾಮಾನ್ಯವಾಗಿ 10ರಿಂದ 12 ಮಿಲಿಮೀಟರ್ ದಪ್ಪ. ಸವೆದು 3 ಮಿಲಿಮೀಟರಿಗೆ ಬಂದಾಗ ಬದಲಿಸುವುದು ಒಳ್ಳೆಯ ರೂಢಿ. 2ಕ್ಕಿಂತ ಕೆಳಗೆ ಇಳಿದರೆ ಅದು ಸಾಲ ಮಾಡಿ ಓಡಿಸಿದಂತೆ.

ಸವೆಯುವುದು ಪ್ಯಾಡಿನ ದೋಷವಲ್ಲ, ಅದರ ಕೆಲಸವೇ ಅದು. ಓಡುವ ಕಾರಿನ ಶಕ್ತಿಯನ್ನೆಲ್ಲ ಶಾಖವಾಗಿ ಮಾಡಿ ಗಾಳಿಗೆ ಬಿಡುವುದೇ ಬ್ರೇಕು. ಒಂದು ಟನ್ ತೂಕದ ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದು ಒಮ್ಮೆ ಪೂರ್ತಿ ನಿಂತರೆ ಹುಟ್ಟುವ ಶಾಖ ಸುಮಾರು 247 ಕಿಲೋಜೂಲ್. ಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ಅಷ್ಟು ಬಿಸಿ ಕೆಲವೇ ಸೆಕೆಂಡುಗಳಲ್ಲಿ ಅಂಗೈಯಗಲದ ಪ್ಯಾಡುಗಳ ಮೇಲೆ ಬೀಳುತ್ತದೆ. ಇನ್ನೊಂದು ಲೆಕ್ಕವನ್ನೂ ಮರೆಯಬಾರದು: ವೇಗ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ. ತಗ್ಗು ದಿಣ್ಣೆಯ ಹಳೆಯ ರಸ್ತೆಯಲ್ಲಿ 40ರ ವೇಗದಲ್ಲಿ ಹೋಗುತ್ತಿದ್ದ ಅದೇ ಕಾರು ಇಂದು ಹುಮನಾಬಾದ್ ಬಳಿಯ ಹೈದರಾಬಾದ್–ಪುಣೆ ಹೆದ್ದಾರಿಯಲ್ಲಿ 80ಕ್ಕೆ ಏರುತ್ತದೆ. ನಮ್ಮ ರಸ್ತೆ ಸುಧಾರಿಸಿದಷ್ಟೂ ಬ್ರೇಕಿನ ದುಡಿಮೆ ಹೆಚ್ಚಾಗಿದೆ, ಅದರ ಆರೈಕೆಯ ರೂಢಿ ಮಾತ್ರ ನಲವತ್ತರ ವೇಗದ ಕಾಲದಲ್ಲೇ ನಿಂತಿದೆ.

ನಮ್ಮ ನೆಲವೂ ಈ ಲೆಕ್ಕಕ್ಕೆ ಸೇರಬೇಕು. ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆಯ ಎತ್ತರದ ಬಯಲಿನ ಮೇಲೆ. ಭಾಲ್ಕಿಗೆ ಹೋಗಲಿ, ಔರಾದಿಗೆ ಹೋಗಲಿ, ಆ ಎತ್ತರದಿಂದ ಕಾರಂಜಾ, ಮಾಂಜ್ರಾ ನದಿಗಳ ಎರೆಭೂಮಿಗೆ ಇಳಿಯಲೇಬೇಕು. ಮೇಲೆ ಕೆಂಪು ಮೊರಂ ಧೂಳು, ಕೆಳಗೆ ಮಳೆಗಾಲದಲ್ಲಿ ಗಾಲಿಗೆ ಮೆತ್ತಿಕೊಳ್ಳುವ ಕಪ್ಪು ಕೆಸರು. ಧೂಳಿನ ಸಣ್ಣ ಹರಳು ಪ್ಯಾಡಿಗೂ ಡಿಸ್ಕಿಗೂ ನಡುವೆ ಸಿಕ್ಕಿ ಎರಡನ್ನೂ ಅರೆಯುತ್ತದೆ. ಎರೆಮಣ್ಣು ಗಾಲಿಯ ಒಳಬದಿಗೆ ಅಂಟಿ, ಒಣಗಿ, ಕಲ್ಲಾಗಿ ಕೂರುತ್ತದೆ.

ಒಳಗಿನ ಪ್ಯಾಡೇ ಮೊದಲು ಸವೆಯುವುದೇಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ನಮ್ಮಲ್ಲಿ ಓಡುವ ಹೆಚ್ಚಿನ ಸಣ್ಣ ಕಾರುಗಳ ಕ್ಯಾಲಿಪರಿನಲ್ಲಿ ತಳ್ಳುವ ಪಿಸ್ಟನ್ ಒಂದೇ, ಅದೂ ಒಳಬದಿಯಲ್ಲಿ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆ ಒತ್ತಡದ ಎದುರೇಟಿಗೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ತಾಗಿಸುತ್ತದೆ. ಪಿನ್ನುಗಳ ರಬ್ಬರ್ ಹರಿದು ಧೂಳು, ನೀರು ಒಳಹೊಕ್ಕರೆ ತುಕ್ಕು ಹಿಡಿದು ಜಾರುವುದು ನಿಲ್ಲುತ್ತದೆ. ಆಗ ಒಳಗಿನ ಪ್ಯಾಡೊಂದೇ ಎಲ್ಲ ಭಾರವನ್ನೂ ಹೊರುತ್ತದೆ. ಗಾಲಿಯ ಸಂದಿಯಿಂದ ಬಗ್ಗಿ ನೋಡಿದರೆ ಕಾಣುವುದು ಹೊರಗಿನದು. ಅದು ದಪ್ಪಗಿದೆ ಎಂದು ಸಮಾಧಾನ ಪಟ್ಟುಕೊಂಡು ಹೋದವರು ನನ್ನಂತೆ ಮೋಸ ಹೋಗುತ್ತಾರೆ. ಹೊಸ ಪ್ಯಾಡ್ ಹಾಕುವಾಗ ಆ ಪಿನ್ನುಗಳನ್ನು ತೆಗೆದು, ಒರೆಸಿ, ಅದಕ್ಕೆಂದೇ ಇರುವ ಗ್ರೀಸ್ ಹಚ್ಚದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಗಾಲಿಯನ್ನು ಎತ್ತಿದಾಗ ಐದು ನಿಮಿಷದಲ್ಲಿ ಮುಗಿಯುವ ಈ ಕೆಲಸವನ್ನು ಬಿಡುವ ಗ್ಯಾರೇಜುಗಳೇ ಹೆಚ್ಚು, ಕೇಳುವ ಗಿರಾಕಿಗಳು ಕಡಿಮೆ.

ಈಗ ಎಚ್ಚರಿಕೆಯ ಮಾತಿಗೆ ಬರೋಣ. ಪ್ಯಾಡ್ ಸವೆದದ್ದನ್ನು ಕಾರು ಮೂರು ಬಗೆಯಲ್ಲಿ ತಿಳಿಸಬಲ್ಲದು. ಎಲ್ಲ ಕಾರಿಗೂ ಮೂರೂ ಇರುವುದಿಲ್ಲ.

ಎಲ್ಲಕ್ಕಿಂತ ಸಾದಾ ಬಗೆ ಸದ್ದಿನದು. ಪ್ಯಾಡಿನ ತಗಡಿಗೆ ಸ್ಪ್ರಿಂಗ್ ಉಕ್ಕಿನ ಒಂದು ಸಣ್ಣ ನಾಲಿಗೆಯನ್ನು ಬಡಿದಿರುತ್ತಾರೆ. ಪದರ ಎರಡು ಮೂರು ಮಿಲಿಮೀಟರಿಗೆ ಇಳಿದಾಗ ಆ ನಾಲಿಗೆ ಡಿಸ್ಕಿಗೆ ತಾಗಿ ಚೀರತೊಡಗುತ್ತದೆ. ತಂತಿಯಿಲ್ಲ, ದೀಪವಿಲ್ಲ, ಕೆಡುವುದಕ್ಕೂ ಏನೂ ಇಲ್ಲ. ನಮ್ಮ ಊರಿನ ಸಾಮಾನ್ಯ ಕಾರುಗಳಿಗೆ ಇರುವ ಸೆನ್ಸರ್ ಬಹುಪಾಲು ಇದೇ. ಕೇಳಿಸಿಕೊಳ್ಳುವ ಅರ್ಧ ಕೆಲಸ ಓಡಿಸುವವನ ಕಿವಿಯದು. ಕಿಟಕಿ ಏರಿಸಿ, ಎಸಿ ಹಾಕಿ, ಹಾಡು ಹಚ್ಚಿಕೊಂಡು ಹೋಗುವವರಿಗೆ ಅದು ಕೇಳಿಸುವುದೇ ಇಲ್ಲ. ವಾರಕ್ಕೊಮ್ಮೆಯಾದರೂ ಗೋಡೆಯ ಪಕ್ಕದ ರಸ್ತೆಯಲ್ಲಿ ಕಿಟಕಿ ಇಳಿಸಿ ನಿಧಾನ ಹೋಗಿ ಎರಡು ಸಲ ಬ್ರೇಕ್ ಒತ್ತಿ ನೋಡಿ. ಗೋಡೆ ಆ ಸದ್ದನ್ನು ಕಿವಿಗೆ ಮರಳಿಸುತ್ತದೆ.

ಸದ್ದುಗಳಲ್ಲಿ ವ್ಯತ್ಯಾಸವಿದೆ, ಅದನ್ನು ಬಲ್ಲವರು ಅರ್ಧ ಮಿಸ್ತ್ರಿಯೇ ಸರಿ. ಮಳೆಯ ರಾತ್ರಿ ಕಳೆದು ಬೆಳಗ್ಗೆ ಮೊದಲ ಸಲ ಒತ್ತಿದಾಗ ‘ಪರ್’ ಎಂದು ಸದ್ದಾಗಿ, ನಾಲ್ಕಾರು ಸಲ ಒತ್ತಿದ ಮೇಲೆ ನಿಂತರೆ ಅದು ಡಿಸ್ಕಿನ ಮೇಲೆ ಕೂತ ತೆಳು ತುಕ್ಕು; ಚಿಂತೆ ಬೇಡ. ಬ್ರೇಕ್ ಒತ್ತಿದಾಗಲೆಲ್ಲ, ದಿನವೂ, ಸಣ್ಣಗೆ ‘ಕೀಂ’ ಎಂದರೆ ಆ ಉಕ್ಕಿನ ನಾಲಿಗೆ ಮಾತಾಡುತ್ತಿದೆ. ಅದೇ ವಾರ ಗಾಲಿ ಬಿಚ್ಚಿಸಿ. ‘ಕರಕರ’ ಎಂದು ಪೆಡಲಿನ ಮೂಲಕ ಪಾದಕ್ಕೂ ತಾಗಿದರೆ ಪದರ ಮುಗಿದು ತಗಡೇ ಡಿಸ್ಕನ್ನು ಕೆತ್ತುತ್ತಿದೆ. ಇನ್ನು ಮುಂದೆ ಓಡಿಸಬಾರದು. ಪೆಡಲು ನಾಡಿಯಂತೆ ಮಿಡಿದರೆ ಡಿಸ್ಕಿನ ಮೈ ಏರುಪೇರಾಗಿದೆ ಎಂದೂ, ಕಾರು ಒಂದು ಬದಿಗೆ ಎಳೆದರೆ ಅಥವಾ ಒಂದು ಗಾಲಿಯಷ್ಟೇ ಹೆಚ್ಚು ಬಿಸಿಯಾಗಿ ಸುಟ್ಟ ವಾಸನೆ ಬಂದರೆ ಕ್ಯಾಲಿಪರ್ ಹಿಡಿದುಕೊಂಡಿದೆ ಎಂದೂ ಅನುಮಾನಿಸಬೇಕು.

ಎರಡನೆಯ ಬಗೆ ತಂತಿಯ ಸೆನ್ಸರ್. ದುಬಾರಿ ಕಾರುಗಳಲ್ಲಿ, ಮುಖ್ಯವಾಗಿ ಬಿಎಂಡಬ್ಲ್ಯೂ, ಮರ್ಸಿಡಿಸ್‌ನಂಥ ಜರ್ಮನ್ ಕಾರುಗಳಲ್ಲಿ ಇದನ್ನು ಕಾಣಬಹುದು. ಪ್ಯಾಡಿನ ಪದರದೊಳಗೆ ಇಂತಿಷ್ಟು ಆಳದಲ್ಲಿ ಒಂದು ತಂತಿಯ ಕುಣಿಕೆಯನ್ನು ಕೂರಿಸಿರುತ್ತಾರೆ. ಪದರ ಸವೆದು ಡಿಸ್ಕು ಆ ಆಳಕ್ಕೆ ತಲುಪಿದಾಗ ತಂತಿ ಹರಿಯುತ್ತದೆ, ಇಲ್ಲವೇ ಡಿಸ್ಕಿಗೆ ತಾಗಿ ಅರ್ಥ್ ಆಗುತ್ತದೆ. ಹಳದಿ ದೀಪ ಹತ್ತುತ್ತದೆ. ವೃತ್ತದ ಎರಡೂ ಬದಿಗೆ ತುಂಡು ತುಂಡಾದ ಕಮಾನು ಗೆರೆಗಳಿರುವ ಚಿಹ್ನೆ ಅದು. ಕೆಲವು ಕಾರುಗಳಲ್ಲಿ ಎರಡು ಹಂತದ ಸೆನ್ಸರ್ ಇದ್ದು, ಮೊದಲ ಹಂತ ತಲುಪಿದಾಗ ಇನ್ನೆಷ್ಟು ಕಿಲೋಮೀಟರ್ ಓಡಬಹುದು ಎಂದು ಕಂಪ್ಯೂಟರ್ ಲೆಕ್ಕ ಹಾಕಿ ತೋರಿಸುತ್ತದೆ. ಬೀದರಿಗೆ ಹೈದರಾಬಾದ್ ಸುಮಾರು 140 ಕಿಲೋಮೀಟರ್, ಬೆಂಗಳೂರು ಹತ್ತಿರಹತ್ತಿರ 700. ಹಾಗಾಗಿ ಹಳೆಯ ದೊಡ್ಡ ಕಾರು ಕೊಳ್ಳುವವರೂ, ಅದರ ಬಿಡಿಭಾಗ ಹುಡುಕುವವರೂ ಹೈದರಾಬಾದಿನ ದಾರಿಯನ್ನೇ ಹಿಡಿಯುತ್ತಾರೆ. ನಮ್ಮ ಜಿಲ್ಲೆಯ ಕೆಎ–38, ಕೆಎ–39 ಪಟ್ಟಿಯ ಕಾರುಗಳ ನಡುವೆ ಸೆನ್ಸರ್ ಇರುವ ಕಾರುಗಳೂ ಈಗ ಅಪರೂಪವಲ್ಲ.

ಈ ಸೆನ್ಸರಿನ ಬಗ್ಗೆ ಕೊಳ್ಳುವಾಗ ಯಾರೂ ಹೇಳದ ಸಂಗತಿಗಳಿವೆ. ತಂತಿ ಹರಿದ ಮೇಲೆ ಅದು ಮತ್ತೆ ಕೂಡುವುದಿಲ್ಲ. ಹೊಸ ಪ್ಯಾಡಿನ ಜೊತೆ ಹೊಸ ಸೆನ್ಸರನ್ನೂ ಹಾಕಬೇಕು. ನಾಲ್ಕೂ ಗಾಲಿಗೆ ಸೆನ್ಸರ್ ಇರುತ್ತದೆ ಎಂದು ತಿಳಿಯುವುದು ತಪ್ಪು. ಅನೇಕ ಕಾರುಗಳಲ್ಲಿ ಮುಂದೆ ಒಂದು ಬದಿಗೆ, ಹಿಂದೆ ಒಂದು ಬದಿಗೆ ಮಾತ್ರ ಇರುತ್ತದೆ. ಸೆನ್ಸರಿಲ್ಲದ ಬದಿಯ ಪಿನ್ನು ತುಕ್ಕು ಹಿಡಿದು ಅಲ್ಲಿನ ಒಳಪ್ಯಾಡ್ ಸವೆದರೆ ದೀಪಕ್ಕೆ ಅದು ಗೊತ್ತೇ ಆಗುವುದಿಲ್ಲ. ಇದಕ್ಕೆ ತಿರುವುಮುರುವಾಗಿ, ಒಣಗಿದ ಎರೆಮಣ್ಣು ತಂತಿಯನ್ನು ಎಳೆದೋ, ಕಲ್ಲು ಬಡಿದೋ, ಇಲಿ ಕಡಿದೋ ತಂತಿ ತುಂಡಾದರೆ ಪ್ಯಾಡ್ ಗಟ್ಟಿಯಿದ್ದರೂ ದೀಪ ಹತ್ತುತ್ತದೆ. ದೀಪ ಹತ್ತಿದಾಗ ಮೊದಲು ಪ್ಯಾಡ್ ನೋಡಬೇಕು, ಆಮೇಲೆ ತಂತಿ.

ಆದರೆ ಆಗುತ್ತಿರುವುದೇನು? ಹೊಸ ಸೆನ್ಸರ್ ಬರಲು ನಾಲ್ಕು ದಿನ ಬೇಕು, ಬೆಲೆಯೂ ಹೆಚ್ಚು. ತುಂಡಾದ ಎರಡು ತುದಿಗಳನ್ನು ಸೇರಿಸಿ ಹೊಸೆದು, ಮೇಲೆ ಟೇಪ್ ಸುತ್ತಿದರೆ ಆ ಬಗೆಯ ಸೆನ್ಸರಿನಲ್ಲಿ ದೀಪ ಆರುತ್ತದೆ. ಗಿರಾಕಿಗೂ ಖುಷಿ, ಗ್ಯಾರೇಜಿಗೂ ಖುಷಿ. ಅಂದಿನಿಂದ ಆ ಕಾರು ಮೂಕ. ಮುಂದೆ ಅದನ್ನು ಕೊಂಡವನಿಗೆ ತನ್ನ ಕಾರಿನ ನಾಲಿಗೆ ಕಿತ್ತಿದ್ದಾರೆ ಎಂಬುದೂ ತಿಳಿಯುವುದಿಲ್ಲ. ಸಣ್ಣ ಕಾರುಗಳಲ್ಲಿ ಚೀರುವ ಉಕ್ಕಿನ ನಾಲಿಗೆಯನ್ನು ಇಕ್ಕಳದಿಂದ ಬಾಗಿಸಿ ಸದ್ದು ನಿಲ್ಲಿಸುವುದೂ ಇದೇ ಜಾತಿಯ ಕೆಲಸ. ಇದನ್ನು ನಾನು ರಿಪೇರಿ ಎಂದು ಒಪ್ಪುವುದಿಲ್ಲ. ಜೀವದ ಜೊತೆ ಆಡುವ ಆಟ ಇದು.

ಮೂರನೆಯದು ಕೆಂಪು ದೀಪ. ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುವ ಈ ದೀಪವನ್ನು ಬಹಳ ಜನ ಹ್ಯಾಂಡ್ ಬ್ರೇಕಿನದು ಎಂದಷ್ಟೇ ತಿಳಿದಿದ್ದಾರೆ. ಬ್ರೇಕ್ ಆಯಿಲ್ ಮಟ್ಟ ಇಳಿದರೂ ಅದೇ ಹತ್ತುತ್ತದೆ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಹೊರಗೆ ಚಾಚಿಕೊಳ್ಳುತ್ತದೆ, ಅದರ ಹಿಂದೆ ಉಂಟಾದ ಜಾಗವನ್ನು ಆಯಿಲ್ ತುಂಬುತ್ತದೆ. ಹಾಗಾಗಿ ಬಾನೆಟ್ಟಿನಡಿಯ ಡಬ್ಬಿಯಲ್ಲಿ ಮಟ್ಟ ತಾನಾಗಿ ಇಳಿಯುತ್ತದೆ. ಮೊದಮೊದಲು ಇಳಿಜಾರಿನಲ್ಲಿ, ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದಾಗಷ್ಟೇ ದೀಪ ಮಿಣುಕುತ್ತದೆ. ಭಾಲ್ಕಿ ರಸ್ತೆಯಲ್ಲಿ ನನಗೆ ಕಂಡದ್ದು ಅದೇ. ಬ್ರೇಕ್ ಆಯಿಲ್ ಎಂಜಿನ್ ಆಯಿಲ್‌ನಂತೆ ಉರಿದು ಕಡಿಮೆಯಾಗುವ ವಸ್ತುವಲ್ಲ. ಮಟ್ಟ ಇಳಿದಿದ್ದರೆ ಪ್ಯಾಡ್ ಸವೆದಿರಬೇಕು, ಇಲ್ಲವೇ ಎಲ್ಲೋ ಸೋರುತ್ತಿರಬೇಕು. ಎರಡನ್ನೂ ನೋಡದೆ ಆಯಿಲ್ ತುಂಬಿಸುವುದೆಂದರೆ, ಜ್ವರ ಅಳೆದ ಥರ್ಮಾಮೀಟರನ್ನು ತಣ್ಣೀರಿಗೆ ಅದ್ದಿ ‘ಜ್ವರ ಇಳಿಯಿತು’ ಎಂದಂತೆ. ಹಾಗೆ ತುಂಬಿಸಿದ ಡಬ್ಬಿಯ ಇನ್ನೊಂದು ಕೇಡು ಮುಂದೆ ಗೊತ್ತಾಗುತ್ತದೆ: ಹೊಸ ದಪ್ಪ ಪ್ಯಾಡ್ ಕೂರಿಸಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿದಾಗ ಆಯಿಲ್ ಉಕ್ಕಿ ಚೆಲ್ಲಿ, ತಾಗಿದಲ್ಲೆಲ್ಲ ಬಣ್ಣ ಕಿತ್ತು ಹಾಕುತ್ತದೆ.

ಆ ಆಯಿಲ್ಲಿಗೂ ಆಯಸ್ಸಿದೆ. ಡಾಟ್ 3, ಡಾಟ್ 4 ಎಂದು ಡಬ್ಬಿಯ ಮುಚ್ಚಳದ ಮೇಲೆ ಬರೆದಿರುತ್ತದಲ್ಲ, ಆ ದ್ರವಗಳು ಗಾಳಿಯ ತೇವವನ್ನು ಹೀರುತ್ತವೆ. ಹೊಸ ಡಾಟ್ 4 ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಹೀರಿ ಹಳತಾದದ್ದಕ್ಕೆ ಈ ಮಿತಿ 155ಕ್ಕೆ ಇಳಿಯುತ್ತದೆ. ಪದರ ತೆಳುವಾದ ಪ್ಯಾಡ್ ಡಿಸ್ಕಿನ ಶಾಖವನ್ನು ತಡೆಯದೆ ಪಿಸ್ಟನ್ನಿಗೆ ದಾಟಿಸುತ್ತದೆ. ಹಳೆಯ ಆಯಿಲ್, ಸವೆದ ಪ್ಯಾಡ್, ಉದ್ದದ ಇಳಿಜಾರು, ಏಪ್ರಿಲ್–ಮೇ ತಿಂಗಳ ನಮ್ಮ ಬಿಸಿಲು ಎಲ್ಲ ಕೂಡಿಬಂದರೆ ಆಯಿಲ್ ಕುದಿದು ಆವಿಯ ಗುಳ್ಳೆ ಕಟ್ಟುತ್ತದೆ, ಪೆಡಲು ಹತ್ತಿಯ ಮೇಲೆ ಕಾಲಿಟ್ಟಂತೆ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಬೇಕು ಎನ್ನುವುದು ಇದಕ್ಕೇ.

ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ಗೇರ್ ತೆಗೆದು ನ್ಯೂಟ್ರಲ್‌ನಲ್ಲಿ ಬಿಡುವ ಚಟ ನಮ್ಮಲ್ಲಿ ಹಳೆಯದು. ಕೆಲವರು ಎಂಜಿನ್ನನ್ನೂ ಆರಿಸುತ್ತಾರೆ. ಇಂದಿನ ಇಂಜೆಕ್ಷನ್ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟು ಇಳಿದರೆ ಇಂಧನ ಹರಿಯುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಇಂಧನ ಸುಡುತ್ತಲೇ ಇರುತ್ತದೆ. ಉಳಿತಾಯವಂತೂ ಇಲ್ಲ, ಎಂಜಿನ್ ಹಿಡಿದು ನಿಲ್ಲಿಸಬೇಕಾದ ಭಾರವೆಲ್ಲ ಪ್ಯಾಡಿನ ಮೇಲೆ ಬೀಳುತ್ತದೆ. ಎಂಜಿನ್ ಆರಿಸಿದರಂತೂ ಪೆಡಲಿಗೆ ಬಲ ಕೊಡುವ ವ್ಯಾಕ್ಯೂಮ್ ಎರಡು ಮೂರು ಒತ್ತಿಗೇ ಮುಗಿಯುತ್ತದೆ. ಆಮೇಲೆ ಪೆಡಲು ಕಲ್ಲಿನಂತೆ ಗಟ್ಟಿ. ಚಳಿಗಾಲದಲ್ಲಿ ಭಾಲ್ಕಿ ತಾಲ್ಲೂಕಿನ ಹುಣಜಿ ಸಕ್ಕರೆ ಕಾರ್ಖಾನೆಯತ್ತ ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರುಗಳು ಜೋಡಿ ಟ್ರೇಲರ್ ಎಳೆದುಕೊಂಡು ಸಾಗುವ ರಾತ್ರಿಗಳಲ್ಲಿ, ಕೊನೆಯ ಗಳಿಗೆಯಲ್ಲಿ ಬ್ರೇಕ್ ಒತ್ತಬೇಕಾದ ಪ್ರಸಂಗ ಯಾರಿಗೂ ಬರಬಹುದು. ಎಬಿಎಸ್ ಇದೆಯಲ್ಲ ಎನ್ನುತ್ತಾರೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯವೂ ಆಗಿದೆ. ಆದರೆ ಎಬಿಎಸ್ ಗಾಲಿ ಸಿಕ್ಕಿಬಿದ್ದು ಜಾರುವುದನ್ನು ತಡೆಯುತ್ತದೆಯೇ ಹೊರತು ಇಲ್ಲದ ಪ್ಯಾಡನ್ನು ತಂದುಕೊಡುವುದಿಲ್ಲ.

ಸವೆದದ್ದನ್ನು ಗಮನಿಸಿ ಬದಲಿಸುವ ಈ ಬುದ್ಧಿ ಕಾರಿನಷ್ಟೇ ಹಳೆಯದು. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ತಾಯಿ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡ ಕಾರ್ಲ್ ಬೆಂಜ್ ಕಟ್ಟಿದ ಮೋಟಾರು ಗಾಡಿಯಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟಳು. ನೂರು ಕಿಲೋಮೀಟರಿಗೂ ಹೆಚ್ಚಿನ ಹಾದಿ. ಇಳಿಜಾರುಗಳಲ್ಲಿ ಮರದ ಬ್ರೇಕು ಸವೆದಾಗ ಅವಳು ಚಮ್ಮಾರನೊಬ್ಬನನ್ನು ಹುಡುಕಿ ಅದಕ್ಕೆ ತೊಗಲು ಬಡಿಸಿದಳು. ಬ್ರೇಕ್ ಲೈನಿಂಗಿನ ಕತೆ ಶುರುವಾಗುವುದು ಆ ತೊಗಲಿನ ತುಂಡಿನಿಂದ. ಚಮ್ಮಾರ ಶರಣ ಹರಳಯ್ಯನ ಕಲ್ಯಾಣ ಇರುವ ಜಿಲ್ಲೆಯವರಾದ ನಮಗೆ ಆ ಚಮ್ಮಾರನ ಕೈ ತೀರ ಪರಕೀಯವಲ್ಲ. 1897ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಘರ್ಷಣೆಯ ವಸ್ತುಗಳನ್ನೇ ಉದ್ಯಮವಾಗಿಸಿದ. ಅವನ ಕಂಪನಿಯ ಫೆರೋಡೋ ಎಂಬ ಹೆಸರು ಅವನ ಹೆಸರಿನಿಂದಲೇ ಹುಟ್ಟಿದ್ದು. ಮುಂದೆ ದಶಕಗಳ ಕಾಲ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ತುಂಬಿರುತ್ತಿತ್ತು. ಅದರ ಪುಡಿ ಉಸಿರಿನೊಳಗೆ ಹೋದರೆ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ. ಈಗಿನ ಒಳ್ಳೆಯ ಪ್ಯಾಡುಗಳು ಕಲ್ನಾರಿಲ್ಲದವು, ಪೊಟ್ಟಣದ ಮೇಲೆ ಹಾಗೆಂದು ಅಚ್ಚಾಗಿರುತ್ತದೆ. ಹೆಸರಿಲ್ಲದ ಅಗ್ಗದ ಮಾಲಿನಲ್ಲಿ ಏನಿದೆಯೋ ನಂಬಲಾಗದು. ಯಾವ ಪ್ಯಾಡೇ ಆಗಲಿ, ಬ್ರೇಕಿನ ಧೂಳನ್ನು ಏರ್ ಪೈಪಿನಿಂದ ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ದಿನವಿಡೀ ಆ ಧೂಳಿನಲ್ಲಿ ಕೂತು ದುಡಿಯುವ ಗ್ಯಾರೇಜಿನ ಹುಡುಗರು ಮೂಗಿಗೊಂದು ಬಟ್ಟೆಯೂ ಇಲ್ಲದೆ ಇರುವುದನ್ನು ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಬದಲಿಸುವ ದಿನ ಗಾಡಿಯ ಹತ್ತಿರವೇ ನಿಂತಿರಿ. ಪ್ಯಾಡುಗಳನ್ನು ಎಡಬಲ ಎರಡೂ ಗಾಲಿಗೆ ಕೂಡಿಯೇ ಹಾಕಬೇಕು. ಒಂದೇ ಬದಿಗೆ ಹಾಕಿದರೆ ಕಾರು ಎಳೆಯುತ್ತದೆ. ಡಿಸ್ಕಿನ ಮೇಲೆ ಬೆರಳಾಡಿಸಿ: ಅಂಚಿನಲ್ಲಿ ದಿಂಡು ಎದ್ದಿದ್ದರೆ, ಆಳದ ಗೀರುಗಳಿದ್ದರೆ, ಕನಿಷ್ಠ ದಪ್ಪ ಎಷ್ಟಿರಬೇಕೆಂದು ಡಿಸ್ಕಿನ ಮೇಲೆಯೇ ಒತ್ತಿರುವ ಅಂಕಿಯ ಜೊತೆ ಅಳೆದು ನೋಡಲು ಹೇಳಿ. ಬಿಚ್ಚಿದ ಕ್ಯಾಲಿಪರನ್ನು ರಬ್ಬರ್ ಪೈಪಿಗೆ ಜೋತು ಬಿಡಲು ಕೊಡಬೇಡಿ. ಕೆಲಸ ಮುಗಿದು ಕಾರು ಕದಲಿಸುವ ಮೊದಲು ಪೆಡಲನ್ನು ಹಲವು ಸಲ ಒತ್ತಿ ಗಟ್ಟಿಯಾಗುವವರೆಗೆ ಕಾಯಲೇಬೇಕು. ಹಿಂದಕ್ಕೆ ತಳ್ಳಿದ ಪಿಸ್ಟನ್ ಮತ್ತೆ ಪ್ಯಾಡಿಗೆ ತಾಗುವವರೆಗೆ ಮೊದಲ ಒತ್ತು ಬರಿದಾಗಿ ನೆಲಕ್ಕೆ ಹೋಗುತ್ತದೆ. ಇದನ್ನು ಮರೆತು ಗ್ಯಾರೇಜಿನ ಗೋಡೆಗೆ ಗುದ್ದಿದವರನ್ನು ನಾನು ಕಂಡಿದ್ದೇನೆ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಹದವಾಗಿ ಬ್ರೇಕ್ ಹಿಡಿಯಿರಿ, ಹೊಸ ಪ್ಯಾಡ್ ಡಿಸ್ಕಿಗೆ ಒಗ್ಗಬೇಕು.

ಕಾನೂನಿನ ಮಾತನ್ನೂ ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಂ, ಅಪಾಯ ತರಬಲ್ಲ ದೋಷವಿರುವ ವಾಹನ ಓಡಿಸುವುದನ್ನು ಅಪರಾಧ ಎನ್ನುತ್ತದೆ. 2019ರ ತಿದ್ದುಪಡಿಯಂತೆ ದಂಡ 1,500 ರೂಪಾಯಿವರೆಗೆ. ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ ಅಥವಾ ಎರಡೂ. ದೋಷ ನನಗೆ ಗೊತ್ತಿರಲಿಲ್ಲ ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ. ಸಾಮಾನ್ಯ ಎಚ್ಚರ ವಹಿಸಿದ್ದರೆ ತಿಳಿಯಬಹುದಾಗಿದ್ದ ದೋಷವೂ ಆ ಕಲಮಿನೊಳಗೇ ಬರುತ್ತದೆ. ಒಂದು ತಿಂಗಳು ಚೀರಿದ ಬ್ರೇಕನ್ನು ಕೇಳಿಸಿಕೊಳ್ಳದೆ ಅಕ್ಕನ ಮಕ್ಕಳನ್ನು ಕೂರಿಸಿಕೊಂಡು ಔರಾದಿಗೆ ಹೋದ ನಾನು ಅಂದು ಅದರೊಳಗೇ ಇದ್ದೆ.

ಬೀದರಿನಲ್ಲೋ ಭಾಲ್ಕಿಯಲ್ಲೋ ಔರಾದಿನಲ್ಲೋ ಮುಂದಿನ ಸಲ ಪಂಕ್ಚರ್ ತಿದ್ದಿಸಲು ಗಾಲಿ ಬಿಚ್ಚಿದಾಗ ಮೊಬೈಲಿನ ಟಾರ್ಚ್ ಹಚ್ಚಿ ಒಳಬದಿಯ ಪ್ಯಾಡ್ ನೋಡಿ. ತಗಡಿನ ಮೇಲಿನ ಪದರ ಆ ತಗಡಿಗಿಂತ ತೆಳುವಾಗಿ ಕಂಡರೆ ಅಲ್ಲಿಂದ ನೇರ ಗ್ಯಾರೇಜಿಗೆ ಹೋಗಿ. ಬದಲಿಸಿದ ಹಳೆಯ ಪ್ಯಾಡುಗಳನ್ನು, ಒಳಗಿನದನ್ನೂ ಹೊರಗಿನದನ್ನೂ, ಕೈಗೆ ಕೊಡಲು ಕೇಳಿ.